ಕೌಟುಂಬಿಕ ಹಿಂಸೆಯ ಗಾಯಕ್ಕೆ ಥೆರಪಿ: ಯಾವುದು ಮೊದಲು, ಯಾವುದು ಆಮೇಲೆ

ಥೆರಪಿಗೆ ಹೋದ ಮೊದಲ ದಿನವೇ ನಡೆದದ್ದನ್ನೆಲ್ಲ ಬಿಚ್ಚಿ ಹೇಳಬೇಕು ಎಂಬ ಅಂಜಿಕೆಯಿಂದಲೇ ಎಷ್ಟೋ ಮಂದಿ ಆ ಬಾಗಿಲು ತಟ್ಟುವುದಿಲ್ಲ. ಹಾಗೇನೂ ಇಲ್ಲ. ನೆನಪುಗಳ ಸರದಿ ಬರುವುದು ಆಮೇಲೆ, ಮೊದಲು ಸುರಕ್ಷತೆ.

ಹೊಡೆತ, ಬೆದರಿಕೆ ಇನ್ನೂ ನಿಂತಿಲ್ಲವಾದರೆ ಆರಂಭದ ಸೆಷನ್‌ಗಳು ಅದಕ್ಕೇ ಮೀಸಲು: ದಾಖಲೆ, ಔಷಧಿ, ಹಣ ಎಲ್ಲಿಡುವುದು, ಯಾವ ಮಾತು ಹೇಳಿದರೆ ನಂಬಿಕೆಯ ಒಬ್ಬರು ಓಡಿ ಬರಬೇಕು. ಬಿಟ್ಟು ಹೊರಡುವ ಹೊತ್ತು, ಹೊರಟ ನಂತರದ ದಿನಗಳೇ ಹೆಚ್ಚು ಅಪಾಯದವು, ಹಾಗಾಗಿ ಯೋಜನೆ ಇಲ್ಲದೆ ಹೊರಡಬೇಡಿ. ಅಪಾಯಿಂಟ್‌ಮೆಂಟ್‌ನ ಮೆಸೇಜ್, ಫೋನಿನ ಲೊಕೇಶನ್, ಇಬ್ಬರೂ ಬಳಸುವ ಇಮೇಲ್, ಇವುಗಳಿಂದಲೇ ಗುಟ್ಟು ರಟ್ಟಾಗುವುದು ಹೆಚ್ಚು. ಯಾವ ನಂಬರಿಗೆ, ಎಷ್ಟು ಹೊತ್ತಿಗೆ ಕರೆ ಮಾಡಬಹುದೆಂದು ಥೆರಪಿಸ್ಟ್‌ಗೆ ಮೊದಲೇ ತಿಳಿಸಿ.

ತಲೆಗೆ ಪೆಟ್ಟು ಬಿದ್ದಿದ್ದರೆ, ಕುತ್ತಿಗೆ ಹಿಸುಕಿದ್ದರೆ ಮೊದಲು ವೈದ್ಯರನ್ನು ಕಾಣಿ. ಹಿಸುಕಿದಾಗ ಹೊರಗೆ ಗುರುತೇ ಇಲ್ಲದೆ ಒಳಗೆ ಗಾಯವಾಗಿರಬಹುದು. ಮರೆವು, ತಲೆಸುತ್ತು, ಸಿಡುಕು ಎಲ್ಲವೂ ಮನಸ್ಸಿನದೇ ಎಂದು ತಿಳಿದರೆ ಮಿದುಳಿನ ಪೆಟ್ಟು ಕಣ್ತಪ್ಪಿ ಹೋಗುತ್ತದೆ.

ಥೆರಪಿಸ್ಟ್‌ರನ್ನು ನೇರವಾಗಿ ಕೇಳಿ: ಕೌಟುಂಬಿಕ ಹಿಂಸೆಯ ಪ್ರಕರಣಗಳಲ್ಲಿ ಕೆಲಸ ಮಾಡಿದ್ದೀರಾ? ಆಘಾತಕ್ಕೆ ಯಾವ ಪದ್ಧತಿ ಬಳಸುತ್ತೀರಿ? ನಾನು ಹೇಳಿದ್ದು ಯಾವ ಸಂದರ್ಭದಲ್ಲಿ ಹೊರಗೆ ಹೋಗುತ್ತದೆ? "ಇಬ್ಬರೂ ಒಟ್ಟಿಗೆ ಬನ್ನಿ, ಮಾತಾಡಿ ಸರಿಮಾಡೋಣ" ಎಂದರೆ ಬೇರೆಯವರನ್ನು ಹುಡುಕಿ. ಹಿಂಸೆ ನಡೆಯುತ್ತಿರುವಾಗ ಜಂಟಿ ಸಮಾಲೋಚನೆ ಸಲ್ಲದು. ಅಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಏಟು ಬೀಳುತ್ತದೆ.

ಮುಂದಿನದು ಹಿಡಿತ ಕಲಿಯುವುದು. ನೆನಪು ನುಗ್ಗಿ ಬಂದಾಗ ಕಣ್ಣು ತೆರೆದೇ ಇರಲಿ, ಮುಚ್ಚಿದರೆ ಹಲವರಿಗೆ ಚಿತ್ರಗಳು ಹೆಚ್ಚಾಗುತ್ತವೆ. ಅಂಗಾಲು ನೆಲಕ್ಕೆ ಒತ್ತಿ. ಕಾಣುವ 5, ಮುಟ್ಟಬಹುದಾದ 4, ಕೇಳುವ 3, ಮೂಗಿಗೆ ಬರುವ 2, ನಾಲಿಗೆಗೆ ತಿಳಿಯುವ 1, ಹೀಗೆ ಹೆಸರಿಸುತ್ತ ಹೋಗಿ, ಆದಷ್ಟು ಬಾಯಿಬಿಟ್ಟು. ಉಸಿರು 4 ಎಣಿಕೆಗೆ ಒಳಗೆ, 6ಕ್ಕೆ ಹೊರಗೆ. ಇದನ್ನು ನೆಮ್ಮದಿಯ ಹೊತ್ತಿನಲ್ಲಿ ದಿನಾ ರೂಢಿಸದಿದ್ದರೆ ಗಾಬರಿಯಾದಾಗ ನೆನಪಿಗೇ ಬಾರದು.

ಆಘಾತದ ನೆನಪುಗಳಿಗೆ ಚೆನ್ನಾಗಿ ಪರೀಕ್ಷೆಗೊಳಗಾದ ಪದ್ಧತಿಗಳಿವೆ. ಸುಮಾರು 12 ಸೆಷನ್‌ಗಳ ಸಿಪಿಟಿಯಲ್ಲಿ (ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ) ಆಘಾತದ ಬಗೆಗಿನ ಆಲೋಚನೆಗಳನ್ನು ಕಾಗದದ ಮೇಲೆ ಪರೀಕ್ಷಿಸುತ್ತಾರೆ. ದೂರವಿಡುತ್ತಿದ್ದ ನೆನಪುಗಳನ್ನು, ಈಗ ಅಪಾಯವಿಲ್ಲದ ಸನ್ನಿವೇಶಗಳನ್ನು ಹಂತಹಂತವಾಗಿ ಎದುರಿಸುವ ಪ್ರೊಲಾಂಗ್ಡ್ ಎಕ್ಸ್‌ಪೋಷರ್ 8ರಿಂದ 15 ಸೆಷನ್‌ಗಳದ್ದು. ನೆನಪನ್ನು ಮನಸ್ಸಿನಲ್ಲಿಟ್ಟು ಕಣ್ಣನ್ನು ಆಚೀಚೆ ಆಡಿಸುವ ಇಎಂಡಿಆರ್ ಕೂಡ ಉಂಟು. ಸಿಪಿಟಿಯ ಒಂದು ಹಾಳೆ ನೋಡಿ. ಮೇಲೆ ಬರೆದದ್ದು: "ಮೊದಲೇ ಬಿಟ್ಟು ಬರಬೇಕಿತ್ತು, ತಪ್ಪು ನನ್ನದೇ." ಕೆಳಗೆ ಪ್ರಶ್ನೆಗಳು: ಅಂದು ಕೈಯಲ್ಲಿ ಎಷ್ಟು ಹಣವಿತ್ತು? ಹೋದರೆ ಏನು ಮಾಡುತ್ತೇನೆಂದು ಹೆದರಿಸಿದ್ದರು? ಇಂದು ಗೊತ್ತಿರುವುದರಲ್ಲಿ ಅಂದು ಗೊತ್ತಿದ್ದದ್ದು ಎಷ್ಟು? "ನಾನು ಗಟ್ಟಿಗಿತ್ತಿ" ಎಂದು ಜಪಿಸುವುದಕ್ಕಿಂತ ಈ ಲೆಕ್ಕಾಚಾರ ಎಷ್ಟೋ ಮೇಲು, ಏಕೆಂದರೆ ಉತ್ತರ ನಿಮ್ಮದೇ ಬದುಕಿನಿಂದ ಬರುತ್ತದೆ.

ಎಡವುವುದು ಇಲ್ಲೇ. ನೆನಪಿನ ಕೆಲಸ ಶುರುವಾದ ಮೊದಲ ಕೆಲವು ವಾರ ಕೆಲವರಿಗೆ ನಿದ್ದೆ ಕೆಡುತ್ತದೆ, ದುಃಸ್ವಪ್ನ ಹೆಚ್ಚುತ್ತದೆ. ಥೆರಪಿಯೇ ಒಗ್ಗುತ್ತಿಲ್ಲ ಎಂದು ಬಿಟ್ಟುಬಿಡುತ್ತಾರೆ. ಬಿಡುವ ಬದಲು ವೇಗ ತಗ್ಗಿಸಲು ಹೇಳಿ. ಸಾಯುವ ಯೋಚನೆ ಬಂದರೆ ಮಾತ್ರ ಮುಂದಿನ ಸೆಷನ್‌ವರೆಗೆ ಕಾಯದೆ ತುರ್ತು ಸಹಾಯ ಪಡೆಯಿರಿ. ನಿದ್ದೆಗೆಂದು ಡಯಾಜೆಪಾಮ್‌ನಂಥ ಮಾತ್ರೆಗಳಿಗೆ ಅಂಟಿಕೊಳ್ಳುವುದು ಒಳ್ಳೆಯದಲ್ಲ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಲೂಬೇಡಿ.

ಪ್ರಗತಿಯನ್ನು ಅಂದಾಜಿಗೆ ಬಿಡಬೇಡಿ. ಆಘಾತದ ಲಕ್ಷಣಗಳನ್ನು ಅಳೆಯುವ ಪಿಸಿಎಲ್-5 ಎಂಬ 20 ಪ್ರಶ್ನೆಗಳ ಪಟ್ಟಿಯಲ್ಲಿ ಒಂದೊಂದಕ್ಕೂ 0ರಿಂದ 4 ಅಂಕ, ಒಟ್ಟು 80. ಕೆಲವು ವಾರಗಳಿಗೊಮ್ಮೆ ತುಂಬಿಸಿ. ಅರ್ಧ ದಾರಿ ಕಳೆದರೂ ಅಂಕ ಇಳಿಯದಿದ್ದರೆ ಪದ್ಧತಿ ಬದಲಿಸುವ ಮಾತೆತ್ತಿ. ಮುಗಿದ ಮೇಲೂ ಕೋರ್ಟ್ ದಿನಾಂಕ, ಮಕ್ಕಳ ಭೇಟಿಯಂಥ ಸಂದರ್ಭಗಳಲ್ಲಿ ಹಳೆಯ ಲಕ್ಷಣಗಳು ಮರುಕಳಿಸಬಹುದು; ಅಂಥ ದಿನಕ್ಕೆ ಹತ್ತಿರವಾಗಿ ಒಂದು ಸೆಷನ್ ಮೊದಲೇ ಕಾಯ್ದಿರಿಸಿ.