ಕೀಲಿ ಯಾರ ಕಡೆ ಐತ್ರಿ? – ಕಾಳಜಿ ಕೇಂದ್ರವನ್ನು ಮಳೆಗಾಲಕ್ಕೆ ಮೊದಲೇ ಪರೀಕ್ಷಿಸುವುದು ಹೇಗೆ

2019ರ ಆಗಸ್ಟ್. ನವಿಲುತೀರ್ಥ ಅಣೆಕಟ್ಟಿನಿಂದ ಮಲಪ್ರಭೆಗೆ ನೀರು ಬಿಟ್ಟಿದ್ದರು. ಕೊಣ್ಣೂರಿನ ಹತ್ತಿರ ಹೆದ್ದಾರಿಯ ಮೇಲೇ ಹೊಳೆ ಹರಿಯುತ್ತಿತ್ತು. ನಮ್ಮ ದೊಡ್ಡವ್ವನ ಊರು ಅಲ್ಲಿಂದ ಬಹಳ ದೂರವೇನಿಲ್ಲ. ಆಕೆಗೆ ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದಿತ್ತು, ಜೊತೆಗೆ ಸಕ್ಕರೆ ಕಾಯಿಲೆ. ಹೊರಸಿನ ಸಮೇತ ಟ್ರ್ಯಾಕ್ಟರಿಗೆ ಏರಿಸಿ ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಶಾಲೆಗೆ ತಂದರು. ಕಾಳಜಿ ಕೇಂದ್ರಗಳ ಪಟ್ಟಿಯಲ್ಲಿ ಆ ಶಾಲೆಯ ಮುಂದೆ ‘ಸಿದ್ಧವಿದೆ’ ಎಂದು ಬರೆದಿತ್ತು.

ಬಾಗಿಲಿಗೆ ಬೀಗ. “ಕೀಲಿ ಯಾರ ಕಡೆ ಐತ್ರಿ?” ಎಂದು ಕೇಳುತ್ತಾ ತಿರುಗಿದ್ದರಲ್ಲೇ ಮುಕ್ಕಾಲು ತಾಸು ಹೋಯಿತು. ಬೀಗ ತೆಗೆದರೆ ಐದು ಮೆಟ್ಟಿಲು. ಶೌಚಾಲಯ ಅಂಗಳದ ಆ ತುದಿಗೆ, ಕೆಸರಿನ ಆಚೆ. ಇನ್ಸುಲಿನ್ ಮನೆಯ ಫ್ರಿಜ್ಜಿನಲ್ಲೇ ಉಳಿದಿತ್ತು.

ಬೈಯಬೇಕೆಂದು ಇದನ್ನು ಬರೆಯುತ್ತಿಲ್ಲ. ಆ ರಾತ್ರಿ ಎಲ್ಲರೂ ಮೈ ಮುರಿದು ದುಡಿದರು. ಆದರೆ ದೊಡ್ಡವ್ವನಂಥ ಒಬ್ಬರನ್ನು ಆ ಕೋಣೆಯೊಳಗೆ ತಂದು ಮಲಗಿಸಿ ನೋಡುವ ಕೆಲಸ ಅಲ್ಲಿಯವರೆಗೆ ಯಾರೂ ಮಾಡಿರಲಿಲ್ಲ. ನೆರೆ ಬಂದಾಗ ಜನ ತಂಗುವ ಇಂಥ ಜಾಗಕ್ಕೆ ಮೊದಲು ಗಂಜಿ ಕೇಂದ್ರ ಎನ್ನುತ್ತಿದ್ದೆವು, ಈಗ ಕಾಳಜಿ ಕೇಂದ್ರ ಎನ್ನುತ್ತೇವೆ. ಹೆಸರು ಚೆನ್ನಾಗಿದೆ. ಅಲ್ಲಿ ಯಾರ ಕಾಳಜಿ ಎಷ್ಟು ಹೊತ್ತು ನಡೆಯುತ್ತದೆ ಎನ್ನುವುದನ್ನು ಮೊದಲೇ ಪರೀಕ್ಷೆ ಮಾಡಿ ನೋಡಬಹುದು. ಗ್ರಾಮ ಪಂಚಾಯಿತಿ, ಸ್ವಸಹಾಯ ಸಂಘ, ಕಾಲೇಜಿನ ಎನ್ನೆಸ್ಸೆಸ್ ಹುಡುಗರು, ಯಾರು ಬೇಕಾದರೂ ಮುಂದಾಗಬಹುದು. ತಹಶೀಲ್ದಾರ್ ಕಚೇರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ತಿಳಿಸಿ ಮಾಡಿ, ಅಷ್ಟೇ.

ಕಾಲ ಯಾವುದು? ಮೇ ತಿಂಗಳು ಒಳ್ಳೆಯದು. ಆದರೆ ಮೇ ಒಂದೇ ಸಾಲದು. 2009ರಲ್ಲಿ ನೆರೆ ಬಂದಿದ್ದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ. ಅಷ್ಟರೊಳಗೆ ಮೇ ತಿಂಗಳ ಪಟ್ಟಿ ಹಳತಾಗಿರುತ್ತದೆ.

ಮೊದಲು ಪಟ್ಟಿ, ಅದರಲ್ಲೊಂದು ‘ತಾಸಿನ ಕಾಲಂ’

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 8ನೇ ಸೆಕ್ಷನ್ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ತನ್ನ ಜಿಲ್ಲೆಯ ಅಂಗವಿಕಲರ ದಾಖಲೆ ಇಟ್ಟುಕೊಳ್ಳಬೇಕು. ಪಂಚಾಯಿತಿ ಮಟ್ಟದಲ್ಲಿ ಈ ಮಾಹಿತಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಬಳಿ ಸಿಗುತ್ತದೆ. ಊರವರ ಬಾಯಲ್ಲಿ ಅವರು ‘ವಿಆರ್‌ಡಬ್ಲ್ಯು’. ಆದರೆ ಅಂಗವಿಕಲರ ಪಟ್ಟಿಯೇ ಬೇರೆ, ಔಷಧಿ ಮತ್ತು ಯಂತ್ರ ನಂಬಿಕೊಂಡವರ ಪಟ್ಟಿಯೇ ಬೇರೆ. ಡಯಾಲಿಸಿಸ್‌ಗೆ ಹೋಗುವವರ ಬಳಿ ಅಂಗವಿಕಲರ ಕಾರ್ಡ್ ಇರಬೇಕೆಂದೇನಿಲ್ಲ. ಹಾಗಾಗಿ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ವಿಆರ್‌ಡಬ್ಲ್ಯು ಮೂವರನ್ನೂ ಒಂದೇ ಚಾಪೆ ಮೇಲೆ ಕೂರಿಸಿ.

ಹೆಸರು, ಓಣಿ, ಕಾಯಿಲೆ, ಫೋನ್ ನಂಬರು – ಇವನ್ನು ಎಲ್ಲರೂ ಬರೆಯುತ್ತಾರೆ. ಇನ್ನೊಂದು ಕಾಲಂ ಸೇರಿಸಿ: ‘ಔಷಧಿ, ಯಂತ್ರ ಇಲ್ಲದೆ ಎಷ್ಟು ತಾಸು ತಡೆಯುತ್ತದೆ?’ ಇಡೀ ಪರೀಕ್ಷೆ ನಿಂತಿರುವುದು ಈ ಕಾಲಂ ಮೇಲೆ. ಸದಾ ಆಮ್ಲಜನಕ ಬೇಕಾದವರಿಗೆ ನಿಮಿಷಗಳ ಲೆಕ್ಕ. ಮೂರ್ಛೆರೋಗದವರಿಗೆ ಒಂದು ಹೊತ್ತಿನ ಮಾತ್ರೆ ತಪ್ಪಿದರೂ ಫಿಟ್ಸ್ ಬರಬಹುದು. ಚಿಕ್ಕಂದಿನಿಂದಲೇ ಇನ್ಸುಲಿನ್ ಮೇಲಿರುವ ಮಕ್ಕಳಿಗೆ ಒಂದು ದಿನವೂ ತಪ್ಪಬಾರದು. ಡಯಾಲಿಸಿಸ್‌ನವರು ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ ಹೋಗುತ್ತಾರೆ. ಅಂದರೆ ಅವರಿಗಿರುವುದು ಎರಡು ಮೂರು ದಿನ. ಥೈರಾಯ್ಡ್ ಮಾತ್ರೆಯವರು ಅವರಿಗಿಂತ ಜಾಸ್ತಿ ದಿನ ತಡೆಯುತ್ತಾರೆ. ಈ ಕಾಲಂ ತುಂಬಿಸಲು ವೈದ್ಯರ ಹತ್ತಿರವೇ ಕೂರಬೇಕು, ಅಂದಾಜಿನಲ್ಲಿ ಬರೆಯಬೇಡಿ. ಪಟ್ಟಿಯನ್ನು ಓಣಿವಾರು ಜೋಡಿಸುವ ಬದಲು ತಾಸಿನ ಪ್ರಕಾರ ಜೋಡಿಸಿ. ಯಾರ ಮನೆಗೆ ಮೊದಲು ಓಡಬೇಕು ಎನ್ನುವುದು ಆಗ ತಾನೇ ಗೊತ್ತಾಗುತ್ತದೆ.

ಈಗ ಪಟ್ಟಿಯ ಪರೀಕ್ಷೆ. ಕಣ್ಣು ಮುಚ್ಚಿ ಹತ್ತು ಹೆಸರು ಆರಿಸಿ, ಆ ಹತ್ತು ಮನೆ ಬಾಗಿಲು ಬಡಿಯಿರಿ. ಒಬ್ಬರು ತೀರಿಕೊಂಡಿರುತ್ತಾರೆ. ಒಬ್ಬರು ಮಗನ ಜೊತೆ ಗೋವಾಕ್ಕೆ ಹೋಗಿರುತ್ತಾರೆ. ಇನ್ನೂ ಮುಖ್ಯ, ಪಟ್ಟಿಯಲ್ಲಿ ಇಲ್ಲದವರು ಮನೆಯಲ್ಲಿರುತ್ತಾರೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳ ‘ತಾಯಿ ಕಾರ್ಡ್’ (ಬಸುರಿಯರ ಆರೋಗ್ಯದ ಕಾರ್ಡ್) ಗಂಡನ ಊರಿನದು. ನಮ್ಮೂರ ಲೆಕ್ಕಕ್ಕೆ ಆಕೆ ಸಿಗದೇ ಹೋಗಬಹುದು. ಹೊಳೆಗೆ ನೀರು ಬಂದಾಗ ಇರುವುದು ಮಾತ್ರ ನಮ್ಮೂರಲ್ಲೇ.

ಒಂದು ಎಚ್ಚರಿಕೆ. ಕ್ಷಯ, ಎಚ್‌ಐವಿ, ಮನೋರೋಗದ ಔಷಧಿ ತೆಗೆದುಕೊಳ್ಳುವವರ ವಿವರವನ್ನು ಪಂಚಾಯಿತಿ ಗೋಡೆಗೆ ಅಂಟಿಸಬೇಡಿ. ಅದು ಆರೋಗ್ಯ ಸಿಬ್ಬಂದಿಯ ಬಳಿ ಮುಚ್ಚಿದ ಲಕೋಟೆಯಲ್ಲಿರಲಿ. ಊರು ಸಣ್ಣದು, ಬಾಯಿ ದೊಡ್ಡದು.

ಕಟ್ಟೆ ಮೇಲಿನ ಚೀಟಿ ಆಟ

ಅಣಕು ಕಾರ್ಯಾಚರಣೆ ಎಂದರೆ ಸೈರನ್, ಕೇಸರಿ ಜಾಕೆಟ್, ಫೋಟೊ ಎಂದುಕೊಂಡಿದ್ದೇವೆ. ಮೊದಲು ಕೂತಲ್ಲೇ ಒಂದು ಆಟ ಆಡಿ, ಪೈಸೆ ಖರ್ಚಿಲ್ಲ. ಊರಿನ ನಕಾಶೆ ಹಾಸಿ. ಒಬ್ಬರು ಕತೆ ಶುರು ಮಾಡಲಿ: “ರಾತ್ರಿ ಎರಡು ಗಂಟೆ. ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ. ಬೆಳಗಿನೊಳಗೆ ಕೆಳಗಿನ ಓಣಿ ಖಾಲಿಯಾಗಬೇಕು.” ಆಮೇಲೆ ಒಂದೊಂದೇ ಚೀಟಿ ಎತ್ತಿ. ‘ಟ್ರ್ಯಾಕ್ಟರ್ ಡ್ರೈವರ್ ಊರಲ್ಲಿಲ್ಲ.’ ‘ಮೊಬೈಲ್ ಟವರ್ ಸತ್ತಿದೆ.’ ‘ಬೆಣ್ಣಿಹಳ್ಳ ಬಂದಿದೆ, ಹುಬ್ಬಳ್ಳಿ ರಸ್ತೆ ಬಂದ್.’ ‘ಆಶಾ ಅಕ್ಕನ ಮನೆಗೇ ನೀರು ನುಗ್ಗಿದೆ.’

ಈ ಕೊನೆಯ ಚೀಟಿ ಬಂದಾಗ ನಮ್ಮಲ್ಲಿ ಎಲ್ಲರೂ ಸುಮ್ಮನಾದರು. ಪಟ್ಟಿ, ಫೋನ್ ನಂಬರು, ಯಾರಿಗೆ ಯಾವ ಮಾತ್ರೆ ಎಂಬುದು, ಎಲ್ಲವೂ ಆಕೆಯೊಬ್ಬಳ ತಲೆಯಲ್ಲೇ ಇತ್ತು.

ಆಟಕ್ಕೆ ಒಂದೇ ನಿಯಮ. “ಮಾಡೋಣು ಬಿಡ್ರಿ”, “ಹೊಂದಿಸ್ತೀವ್ರಿ” ಎನ್ನುವುದು ಉತ್ತರವಲ್ಲ. ಯಾರು, ಯಾವ ಗಾಡಿ, ಯಾವ ನಂಬರು ಎಂದು ಹೇಳಬೇಕು. ಹೇಳಲಾಗದಿದ್ದರೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಮುಂದೆ ಹೋಗಿ.

ಸುದ್ದಿ ಮುಟ್ಟುತ್ತದೆಯೇ?

ಡಂಗುರ ಸಾರಿ, ಗುಡಿಯ ಮೈಕಿನಲ್ಲಿ ಕೂಗಿ. ಅರ್ಧ ತಾಸು ಬಿಟ್ಟು ಕಿವಿ ಕೇಳದವರ ಮನೆಗೆ ಹೋಗಿ ನೋಡಿ. ಅವರಿಗೆ ತಿಳಿದಿರುವುದಿಲ್ಲ. ಅಂಥ ಪ್ರತಿ ಮನೆಗೂ ಒಬ್ಬ ನೆರೆಯವರನ್ನು ಹೆಸರಿಟ್ಟು ಗೊತ್ತು ಮಾಡಬೇಕು, ಆ ನೆರೆಯವರಿಗೂ ಅದು ಗೊತ್ತಿರಬೇಕು. ನಗಬೇಡಿ, ಈ ಎರಡನೆಯದೇ ಬಹಳ ಕಡೆ ತಪ್ಪುತ್ತದೆ.

ಹೊತ್ತು ನೋಡಿ

ನಿಜವಾಗಿ ಹಾಸಿಗೆ ಹಿಡಿದವರನ್ನು ಪರೀಕ್ಷೆಗೆಂದು ಎತ್ತಿ ಕುಲುಕಬೇಡಿ. ಅವರಷ್ಟೇ ತೂಕದ ಆರೋಗ್ಯವಂತರೊಬ್ಬರು ಹೊರಸಿನ ಮೇಲೆ ಮಲಗಲಿ. ಆದರೆ ಗಾಲಿಕುರ್ಚಿ ಬಳಸುವವರು ತಾವಾಗಿ ಬರುತ್ತೇನೆ ಎಂದರೆ ಖಂಡಿತ ಕರೆತನ್ನಿ. ಅವರು ಹಿಡಿದು ತೋರಿಸುವ ತಪ್ಪು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮನೆ ಹೊಸ್ತಿಲಿನಿಂದ ಕೇಂದ್ರದ ಹಾಸಿಗೆಯವರೆಗೆ ಗಡಿಯಾರ ಹಿಡಿದು ಲೆಕ್ಕ ಹಾಕಿ.

ನಮ್ಮದು ಎರೆಮಣ್ಣಿನ ಸೀಮೆ. ನರಗುಂದ, ನವಲಗುಂದ, ರೋಣದ ಕಡೆ ಒಂದು ಮಳೆ ಬಿದ್ದರೆ ಚಪ್ಪಲಿಗೇ ಕೆ.ಜಿ.ಗಟ್ಟಲೆ ಮಣ್ಣು ಮೆತ್ತುತ್ತದೆ. ಅದರಲ್ಲಿ ಗಾಲಿಕುರ್ಚಿ ಹತ್ತು ಹೆಜ್ಜೆ ಹೋಗುವುದಿಲ್ಲ. ಬೇಸಿಗೆಯಲ್ಲಿ ಪರೀಕ್ಷೆ ಮಾಡುವುದಾದರೆ ಹಿಂದಿನ ರಾತ್ರಿ ಅಂಗಳಕ್ಕೆ ಒಂದು ಟ್ಯಾಂಕರ್ ನೀರು ಹೊಡೆಸಿ. ಹುಡುಗಾಟ ಎನಿಸಬಹುದು. ನಾವು ಹಾಗೇ ಮಾಡಿದಾಗ ಗೇಟಿನಿಂದ ಕೋಣೆಯವರೆಗಿನ ನಲವತ್ತು ಹೆಜ್ಜೆಗೆ ಹನ್ನೊಂದು ನಿಮಿಷ ಹಿಡಿಯಿತು.

ಇಳಿಜಾರಿನ ಲೆಕ್ಕವೂ ಇದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ಆರು ಇಂಚಿನ ಐದು ಮೆಟ್ಟಿಲೆಂದರೆ ಎರಡೂವರೆ ಅಡಿ, ಅದಕ್ಕೆ ಮೂವತ್ತು ಅಡಿ ಇಳಿಜಾರು. ಎಂಟು ಅಡಿ ಹಲಗೆ ಒರಗಿಸಿದರೆ ಅದು ಜಾರುಬಂಡೆ. ಮೂವತ್ತು ಅಡಿಗೆ ಜಾಗವಿಲ್ಲದಿದ್ದರೆ ಕಟ್ಟಡವನ್ನೇ ಬದಲಿಸಿ ಎಂಬುದು ನನ್ನ ಅಭಿಪ್ರಾಯ. ಎಷ್ಟೋ ಊರುಗಳಲ್ಲಿ ಸಮುದಾಯ ಭವನ ನೆಲಮಟ್ಟದಲ್ಲೇ ಇರುತ್ತದೆ.

ಒಂದು ರಾತ್ರಿ, ಮೇನ್ ಸ್ವಿಚ್ ಆರಿಸಿ

ಹಗಲು ಹನ್ನೊಂದಕ್ಕೆ ಮಾಡುವ ಪರೀಕ್ಷೆಯಲ್ಲಿ ಎಲ್ಲ ಕೇಂದ್ರಗಳೂ ಪಾಸಾಗುತ್ತವೆ. ರಾತ್ರಿ ಎಂಟಕ್ಕೆ ಹೋಗಿ. ಮೇನ್ ಸ್ವಿಚ್ ಆರಿಸಿ. ಬೆಳಗಿನ ಆರರವರೆಗೆ ಅಲ್ಲೇ ಇರಿ.

ಮೊದಲ ಪ್ರಶ್ನೆ ಕರೆಂಟಿನದು. ನಿಮಿಷಕ್ಕೆ 5 ಲೀಟರ್ ಕೊಡುವ ಆಮ್ಲಜನಕ ಸಾಂದ್ರಕ (ಗಾಳಿಯಿಂದಲೇ ಆಮ್ಲಜನಕ ತೆಗೆದು ಕೊಡುವ ಯಂತ್ರ) ಸುಮಾರು 300ರಿಂದ 400 ವ್ಯಾಟ್ ಎಳೆಯುತ್ತದೆ. ಮನೆಗಳಲ್ಲಿರುವ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಮೇಲೆ ಅದು ಮೂರ್ನಾಲ್ಕು ತಾಸು ನಡೆದರೆ ಹೆಚ್ಚು. ಹಾಸಿಗೆ ಹುಣ್ಣಾಗದಂತೆ ಹಾಸುವ ಗಾಳಿ ಹಾಸಿಗೆಗೂ, ನೆಬ್ಯುಲೈಸರ್‌ಗೂ ಕರೆಂಟೇ ಬೇಕು. ಜನರೇಟರ್ ಇದೆ ಎಂದು ಬರೆದುಕೊಂಡರೆ ಸಾಲದು. ಚಾಲೂ ಮಾಡಿ, ಯಂತ್ರಗಳನ್ನು ಜೋಡಿಸಿ, ತಾಸಿಗೆ ಎಷ್ಟು ಡೀಸೆಲ್ ಎಂದು ಅಳೆಯಿರಿ. ಜನರೇಟರ್ ಹೊರಗಿರಲಿ, ಹೊಗೆ ಕೋಣೆಗೆ ಬರದಿರಲಿ.

ಬದಲಿಗೆ ಸಿಲಿಂಡರ್ ಇಟ್ಟರೆ? ಸಣ್ಣ ‘ಬಿ’ ಮಾದರಿಯದರಲ್ಲಿ ಸುಮಾರು 1,500 ಲೀಟರ್ ಆಮ್ಲಜನಕ ಇರುತ್ತದೆ. ನಿಮಿಷಕ್ಕೆ 2 ಲೀಟರ್‌ನಂತೆ 750 ನಿಮಿಷ, ಅಂದರೆ ಹನ್ನೆರಡೂವರೆ ತಾಸು. ಒಂದು ರಾತ್ರಿಗೆ ಸಾಕು, ಎರಡನೇ ರಾತ್ರಿಗೆ ಸಾಲದು. ಲೆಕ್ಕದಲ್ಲಿ ಹತ್ತು ತಾಸೆಂದೇ ಹಿಡಿಯಿರಿ. ನಮ್ಮ ಪರೀಕ್ಷೆಯಲ್ಲಿ ಸಿಲಿಂಡರ್ ತುಂಬಿತ್ತು, ಅದನ್ನು ತೆರೆಯುವ ಪಾನಾ ಇರಲಿಲ್ಲ! ಈಗ ಅದನ್ನು ಸಿಲಿಂಡರಿನ ಕೊರಳಿಗೇ ದಾರ ಹಾಕಿ ಕಟ್ಟಿದ್ದಾರೆ. ಆ ಕೋಣೆಯಲ್ಲಿ ಒಲೆ, ಊದಿನಕಡ್ಡಿ, ಬೀಡಿ ಯಾವುದೂ ಬೇಡ.

ಇನ್ಸುಲಿನ್‌ಗೆ ಫ್ರಿಜ್ ಇಲ್ಲದಿದ್ದರೂ ನಡೆಯುತ್ತದೆ. ಬಳಕೆಯಲ್ಲಿರುವ ಬಾಟಲಿ ತಂಪಾದ ಜಾಗದಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ. ಮಣ್ಣಿನ ಗಡಿಗೆಯಲ್ಲಿ ಒದ್ದೆ ಉಸುಕು ಹಾಕಿ, ಬಾಟಲಿಯನ್ನು ನೀರು ತಾಗದ ಡಬ್ಬಿಯಲ್ಲಿಟ್ಟು ಮಧ್ಯೆ ಇಡಿ. ಬರ್ಫಿನ ಮೇಲೆ ನೇರವಾಗಿ ಇಡಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ.

ಜಾಗದ ಲೆಕ್ಕಕ್ಕೆ ಬನ್ನಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಪ್ರಕಾರ ಕೇಂದ್ರದಲ್ಲಿ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಬೇಕು. ಹಾಸಿಗೆ ಹಿಡಿದವರಿಗೆ ಮಂಚ ಬೇಕು, ಪಕ್ಕದಲ್ಲಿ ನೋಡಿಕೊಳ್ಳುವವರು ಮಲಗಬೇಕು, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಲು ಇಬ್ಬರು ನಿಲ್ಲಬೇಕು. ಹಾಗಾಗಿ ಒಬ್ಬ ರೋಗಿ ಎಂದರೆ ಇಬ್ಬರೆಂದೇ ಎಣಿಸಿ. ಮಂಚ, ಗಾಲಿಕುರ್ಚಿ ನಿಜವಾಗಿ ಇಟ್ಟು ನೋಡಿ. ಐವತ್ತು ಜನ ಹಿಡಿಸುತ್ತಾರೆ ಎಂದಿದ್ದ ಹಾಲ್ ಆಗ ಎಷ್ಟು ಚಿಕ್ಕದೆಂದು ತಿಳಿಯುತ್ತದೆ.

ಶೌಚಾಲಯಕ್ಕೆ ಬ್ಯಾಟರಿ ಹಿಡಿದು ರಾತ್ರಿಯೇ ಹೋಗಿ ಬನ್ನಿ. ಮೊಣಕಾಲು ಬಾಗದವರು ಕುಕ್ಕರಗಾಲಲ್ಲಿ ಕೂರಲಾರರು. ಗಟ್ಟಿ ಕುರ್ಚಿಯ ನಡುವೆ ತೂತು ಕೊರೆಸಿದ ಕಮೋಡ್ ಕುರ್ಚಿ ಒಂದಾದರೂ ಇರಲಿ. ಹೆಂಗಸರು ಇದನ್ನು ಬಾಯಿಬಿಟ್ಟು ಕೇಳುವುದಿಲ್ಲ, ಸುಮ್ನೆ ನೀರು ಕುಡಿಯುವುದನ್ನೇ ಬಿಡುತ್ತಾರೆ.

ಅಡುಗೆಯವರನ್ನೂ ಕರೆಯಿರಿ. ನೆರೆ ಬಂತೆಂದರೆ ದಾನಿಗಳು ಬಾಳೆಹಣ್ಣು, ಎಳನೀರು ತಂದು ಸುರಿಯುತ್ತಾರೆ. ಒಳ್ಳೆಯ ಮನಸ್ಸು, ಆದರೆ ಡಯಾಲಿಸಿಸ್‌ನವರಿಗೆ ಎರಡೂ ಅಪಾಯ. ಅವುಗಳಲ್ಲಿ ಪೊಟ್ಯಾಸಿಯಂ ಜಾಸ್ತಿ. ಕೆಟ್ಟ ಕಿಡ್ನಿ ಅದನ್ನು ಹೊರಹಾಕಲಾರದು, ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಸಕ್ಕರೆ ಕಾಯಿಲೆಯವರಿಗೆ ಊಟ ತಡವಾದರೆ ಒಂದು ಕಷ್ಟ, ಬರೀ ಶಿರಾ ಕೊಟ್ಟರೆ ಇನ್ನೊಂದು ಕಷ್ಟ.

ಆಸ್ಪತ್ರೆಗೆ ಎರಡು ದಾರಿ

ಕೇಂದ್ರದಲ್ಲೇ ಡಯಾಲಿಸಿಸ್ ಮಾಡಿಸುವ ಮಾತು ಬೇಡ. ಒಂದು ಸಲಕ್ಕೆ ನಾಲ್ಕು ತಾಸು ಹಿಡಿಯುತ್ತದೆ, ನೂರಕ್ಕೂ ಹೆಚ್ಚು ಲೀಟರ್ ಶುದ್ಧೀಕರಿಸಿದ ನೀರು ಬೇಕು. ಅವರನ್ನು ನೀರು ಏರುವ ಮೊದಲೇ, ಮುನ್ನೆಚ್ಚರಿಕೆ ಬಂದ ದಿನವೇ ಆಸ್ಪತ್ರೆಯಿರುವ ಊರಿಗೆ ಕಳಿಸಬೇಕು. ಯಾವ ಊರಿಗೆ? ನವಲಗುಂದದ ಕಡೆಯವರು ಹುಬ್ಬಳ್ಳಿಯ ಕಿಮ್ಸ್ ಎನ್ನುತ್ತಾರೆ. ಬೆಣ್ಣಿಹಳ್ಳ, ತುಪ್ಪರಿಹಳ್ಳ ಬಂದರೆ ಆ ದಾರಿ ಮುಚ್ಚಬಹುದು. ಹಾವೇರಿಯ ವರದಾ ದಂಡೆಯವರಿಗೂ ಇದೇ ಪಾಡು, ಸೇತುವೆ ಮುಳುಗಿದರೆ ಊರು ನಡುಗಡ್ಡೆ. ಹಾಗಾಗಿ ಪ್ರತಿ ಹೆಸರಿನ ಮುಂದೆ ಎರಡು ಆಸ್ಪತ್ರೆ, ಎರಡು ದಾರಿ ಬರೆಯಿರಿ. ಎರಡನೇ ಆಸ್ಪತ್ರೆಗೆ ಫೋನ್ ಮಾಡಿ, ಹೊರಗಿನ ರೋಗಿಯನ್ನು ತೆಗೆದುಕೊಳ್ಳಲು ಏನೇನು ಕಾಗದ ಬೇಕೆಂದು ಕೇಳಿ. ಆ ಕಾಗದಗಳ ಜೆರಾಕ್ಸ್, ಏಳು ದಿನದ ಮಾತ್ರೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿರಲಿ.

ಪರೀಕ್ಷೆಗೆಂದು 108ಕ್ಕೆ ಸುಳ್ಳು ಕರೆ ಮಾಡಬೇಡಿ. ಆಂಬ್ಯುಲೆನ್ಸ್ ಸಿಬ್ಬಂದಿಯನ್ನು ಮೊದಲೇ ಕರೆದು ದಾರಿ ತೋರಿಸಿ. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಎಲ್ಲರ ಮೊಬೈಲಿನಲ್ಲೂ ಇದೆಯೇ ನೋಡಿ.

ಚಹಾ ಕುಡಿಯುತ್ತಾ ತಪ್ಪು ಬರೆಯುವುದು

ಬೆಳಿಗ್ಗೆ ಮನೆಗೆ ಹೋಗುವ ಮೊದಲೇ ಎಲ್ಲರೂ ಕೂತು ಮಾತಾಡಿ. ಮೊದಲ ಮಾತು ರೋಗಿಗಳದು ಮತ್ತು ಅವರ ಮನೆಯವರದು, ಕೊನೆಯ ಮಾತು ಅಧಿಕಾರಿಗಳದು. ಈ ಕ್ರಮ ತಿರುಗಿಸಿದರೆ ಬರೀ ಧನ್ಯವಾದ ಭಾಷಣ ಆಗುತ್ತದೆ. ತಪ್ಪು, ಸರಿ ಮಾಡುವವರ ಹೆಸರು, ತಾರೀಖು – ಮೂರು ಕಾಲಂ ಸಾಕು. ಒಂದೂ ತಪ್ಪು ಸಿಗದ ಪರೀಕ್ಷೆಯನ್ನು ನಾನಂತೂ ನಂಬುವುದಿಲ್ಲ. ನಮ್ಮದರಲ್ಲಿ ಇಪ್ಪತ್ಮೂರು ಸಿಕ್ಕವು. ಜುಲೈ ಕೊನೆಗೆ ಮತ್ತೆ ನೋಡಿದಾಗ ಒಂಬತ್ತು ಉಳಿದಿದ್ದವು, ಹೊಸವು ನಾಲ್ಕು ಸೇರಿದ್ದವು.

ಕೀಲಿ ಈಗ ಮೂರು ಕಡೆ ಇದೆ. ಒಂದು ಹೆಡ್‌ಮಾಸ್ತರರ ಬಳಿ, ಒಂದು ಪಂಚಾಯಿತಿಯಲ್ಲಿ, ಇನ್ನೊಂದು ಎದುರಿನ ಚಹಾದಂಗಡಿಯ ಕಾಕಾನ ಕಡೆ. ಎರಡನೇ ಪರೀಕ್ಷೆಯ ರಾತ್ರಿ ಮೊದಲು ಬಂದಿದ್ದು ಚಹಾದಂಗಡಿಯ ಕೀಲಿ, ಆರು ನಿಮಿಷದಲ್ಲಿ. ಆದರೆ ಶೌಚಾಲಯಕ್ಕೆ ಬೇರೆ ಬೀಗ ಬಿದ್ದಿತ್ತು.