ಗಗನಯಾತ್ರಿ ಆಗಬೇಕಾ? ಮೊದಲು ಕಣ್ಣು ತೋರಿಸಿ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನ ಗೇಟು ಕಂಡರೆ ಸಾಕು, ನನ್ನ ಟ್ಯೂಷನ್ ಹುಡುಗರು ಶುರು: "ಸಾರ್, ಗಗನಯಾತ್ರಿ ಆಗೋದು ಹೇಗೆ?" ಅಲ್ಲಿ ನೋಡಿಕೊಳ್ಳೋದು ಉಪಗ್ರಹಗಳನ್ನು ಕಣ್ರೋ, ಯಾತ್ರಿಗಳನ್ನಲ್ಲ.

ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಇಸ್ರೋದ ಗಗನಯಾನ ಯೋಜನೆಗೆ ಆಯ್ಕೆಯಾದ ನಾಲ್ವರೂ ವಾಯುಪಡೆಯ ಟೆಸ್ಟ್ ಪೈಲಟ್‌ಗಳು, ಅಂದರೆ ವಿಮಾನಗಳನ್ನು ಹಾರಿಸಿ ಪರೀಕ್ಷಿಸುವವರು. ಹಾಗಾಗಿ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಬಿಡಬೇಡಿ. ಎರಡನೇ ಪಿಯುಸಿಯಲ್ಲಿದ್ದಾಗಲೇ ಸೇನಾಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ ಅಕಾಡೆಮಿಯ ಪ್ರವೇಶ ಪರೀಕ್ಷೆ ಬರೆಯಿರಿ. ತಪ್ಪಿದರೆ ಡಿಗ್ರಿ ಮುಗಿಸಿ ವಾಯುಪಡೆಯ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್. ಆಮೇಲೆ ವರ್ಷಗಟ್ಟಲೆ ಯುದ್ಧವಿಮಾನ, ನಂತರ ಬೆಂಗಳೂರಿನಲ್ಲಿ ಟೆಸ್ಟ್ ಪೈಲಟ್ ತರಬೇತಿ. ಅವಸರ ಬೇಡ. ಆ ನಾಲ್ವರಲ್ಲಿ ಒಬ್ಬರಾದ ಶುಭಾಂಶು ಶುಕ್ಲಾ ವಾಯುಪಡೆ ಸೇರಿದ್ದು 2006ರಲ್ಲಿ, ಬಾಹ್ಯಾಕಾಶಕ್ಕೆ ಹೋಗಿದ್ದು 2025ರಲ್ಲಿ!

ಕಣ್ಣು ಮಾತ್ರ ಈಗಲೇ ತೋರಿಸಿ. ನನ್ನ ಒಬ್ಬ ಹುಡುಗ ಇಂಟರ್‌ವ್ಯೂ ಗೆದ್ದು ಮೆಡಿಕಲ್ ಟೆಸ್ಟ್‌ನಲ್ಲಿ ಕಣ್ಣಿನಿಂದಾಗಿ ಫೇಲಾದ. ಬಸ್ ಸ್ಟ್ಯಾಂಡಿನಲ್ಲಿ ಬೇಲೂರು ಬೋರ್ಡನ್ನು ಕಣ್ಣು ಕಿರಿದು ಮಾಡಿ ಓದುತ್ತಿದ್ದ. ನಾನು ಸುಮ್ನೆ ಬಿಸಿಲಿಗೆ ಅಂದುಕೊಂಡಿದ್ದೆ.