ಮಲೆನಾಡಿನ ಮಳೆಗಾಲದಲ್ಲಿ ಕಾರಿನ ಟ್ರ್ಯಾಕರ್: ನನ್ನ ಅನುಭವ

ಮೊಬೈಲಿನಲ್ಲಿ ಕಾರು ಎಲ್ಲಿದೆ ಅಂತ ತೋರಿಸುವ ಹಸಿರು ಚುಕ್ಕೆ ನಮ್ಮ ಮನೆಯ ಮೇಲೇ ಇತ್ತು. ನಾನು ಬೆಂಗಳೂರಿನಲ್ಲಿದ್ದೆ. ಇತ್ತ ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಪುಷ್ಯ ಮಳೆ ಬಿಡದೆ ಹೊಡೆಯುತ್ತಿತ್ತು. ದಿನಾ ಮಲಗುವ ಮುಂಚೆ ಒಂದು ಸಲ ಟ್ರ್ಯಾಕರಿನ ಆ್ಯಪ್ ತೆಗೆದು ನೋಡುತ್ತಿದ್ದೆ. ಚುಕ್ಕೆ ಅಲ್ಲೇ ಇದ್ದರೆ ಕಾರೂ ಅಲ್ಲೇ ಇದೆ ಅಂತ ನೆಮ್ಮದಿಯಿಂದ ಮಲಗುತ್ತಿದ್ದೆ. ಐದನೇ ರಾತ್ರಿ ಚುಕ್ಕೆಯ ಕೆಳಗಿದ್ದ ಸಣ್ಣ ಅಕ್ಷರ ಕಣ್ಣಿಗೆ ಬಿತ್ತು. ಕೊನೆಯ ಸಲ ಮಾಹಿತಿ ಬಂದು ನಾಲ್ಕು ದಿನ ಆಗಿತ್ತು.

ತಕ್ಷಣ ಮನೆಗೆ ಫೋನ್ ಮಾಡಿದೆ. ತೋಟ ನೋಡಿಕೊಳ್ಳುವ ಹುಡುಗ ಟಾರ್ಚ್ ಹಿಡಿದು ಶೆಡ್ಡಿಗೆ ಹೋಗಿ ಬಂದ. "ಕಾರು ಇಲ್ಲೇ ಇದೆ ಅಣ್ಣ, ಕವರ್ ಹಾಕಿದ್ದು ಹಾಕಿದಂಗೇ ಇದೆ" ಅಂದ. ಹೋದ ಜೀವ ಬಂದಂತಾಯಿತು. ಆದರೆ ಅವತ್ತು ನಿದ್ದೆ ಬರಲಿಲ್ಲ. ಕಾರು ಅಲ್ಲಿ ಇಲ್ಲದೆ ಹೋಗಿದ್ದರೂ ಆ ಚುಕ್ಕೆ ಹಾಗೇ ಹಸಿರಾಗಿ ಕೂತಿರುತ್ತಿತ್ತು, ಅಲ್ವಾ?

ಕಾರು ಪೋರ್ಷೆ 718 ಕೇಮನ್. ಶಿವಮೊಗ್ಗದಲ್ಲಿ ನಮ್ಮದು ಅಡಿಕೆ ವ್ಯಾಪಾರ. ಹದಿನೈದು ವರ್ಷ ಕೂಡಿಟ್ಟು 2021ರಲ್ಲಿ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದೆ. ನಮ್ಮ ಕಡೆ ಇಂಥ ಕಾರಿಗೆ ರಸ್ತೆ ಸಿಗುವುದೇ ವರ್ಷದಲ್ಲಿ ಏಳೆಂಟು ತಿಂಗಳು. ಜೂನ್ ಬಂದರೆ ಕವರ್ ಹೊದ್ದು ಶೆಡ್ಡಿನಲ್ಲಿ ನಿಲ್ಲುತ್ತದೆ. ಅಕ್ಕಪಕ್ಕದ ಮನೆ ಕೂಗಳತೆಯಲ್ಲಿಲ್ಲ. ಜಡಿಮಳೆ ಸದ್ದಿನಲ್ಲಿ ಅಂಗಳಕ್ಕೆ ಲಾರಿ ಬಂದರೂ ಒಳಗೆ ಕೇಳುವುದಿಲ್ಲ. ಹಾಗಾಗಿ ಕಾರು ತಂದ ವಾರವೇ ಟ್ರ್ಯಾಕರ್ ಹಾಕಿಸಿದ್ದೆ. ಹಾಕಿಸಿದ ಮೇಲೆ ಅದರ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ತಪ್ಪಾಗಿದ್ದು ಅಲ್ಲೇ.

ಊರಿಗೆ ಬಂದು ಕೀ ಒತ್ತಿದರೆ ಕಾರು ಮಿಸುಕಲಿಲ್ಲ. ಬ್ಯಾಟರಿ ಪೂರ್ತಿ ಇಳಿದಿತ್ತು. ಈ ಕಾರಿನಲ್ಲಿ ಇಂಜಿನ್ ನಡುವೆ ಇರುತ್ತದೆ, ಬ್ಯಾಟರಿ ಮುಂದಿನ ಡಿಕ್ಕಿಯೊಳಗೆ. ಆ ಡಿಕ್ಕಿ ತೆರೆಯುವುದು ಕರೆಂಟಿನಿಂದ. ಕರೆಂಟ್ ಇಲ್ಲದಿದ್ದರೆ ಡಿಕ್ಕಿ ತೆರೆಯದು, ಡಿಕ್ಕಿ ತೆರೆಯದಿದ್ದರೆ ಬ್ಯಾಟರಿ ಕೈಗೆ ಸಿಗದು. ಕಂಪನಿಯವರು ಇದಕ್ಕೆ ದಾರಿ ಇಟ್ಟಿದ್ದಾರೆ. ಅದು ಕೈಪಿಡಿಯಲ್ಲೇ ಇದೆ, ಆದರೆ ಆ ಪುಟವನ್ನು ಕಾರು ಸರಿ ಇದ್ದಾಗ ಯಾರೂ ಓದುವುದಿಲ್ಲ.

ನಾನು ಮಾಡಿದ್ದು ಹೀಗೆ. ಕೀಯೊಳಗಿನ ಚಿಕ್ಕ ಲೋಹದ ಕೀ ಎಳೆದು ಬಾಗಿಲು ತೆರೆದೆ. ಕಾಲಿಡುವ ಜಾಗದ ಬದಿಯಲ್ಲಿ ಫ್ಯೂಸ್ ಬಾಕ್ಸ್ ಇದೆ. ಮುಚ್ಚಳ ತೆಗೆದರೆ ಒಳಗೆ ಕೆಂಪು ಬಣ್ಣದ ಒಂದು ತುದಿ ಕಾಣುತ್ತದೆ. ಅದನ್ನು ಹೊರಗೆ ಎಳೆದೆ. ನಮ್ಮ ಪಿಕಪ್ಪನ್ನು ಶೆಡ್ಡಿನ ಬಾಯಿಗೆ ತಂದು ನಿಲ್ಲಿಸಿ, ಕೇಬಲ್ಲಿನ ಪ್ಲಸ್ ಕ್ಲಿಪ್ಪನ್ನು ಆ ಕೆಂಪು ತುದಿಗೆ ಹಾಕಿದೆ. ಮೈನಸ್ ಕ್ಲಿಪ್ಪನ್ನು ಬಾಗಿಲು ಮುಚ್ಚಿದಾಗ ಚಿಲಕ ಕಚ್ಚಿಕೊಳ್ಳುತ್ತದಲ್ಲ, ಆ ಕಬ್ಬಿಣದ ಬಳೆಗೆ ಹಾಕಿದೆ. ತಕ್ಷಣ ಕಾರು ಕೂಗಿಕೊಂಡಿತು. ಅದು ಅಲಾರಂ, ಕೀ ಒತ್ತಿದರೆ ನಿಲ್ಲುತ್ತದೆ. ಡಿಕ್ಕಿ 'ಟಕ್' ಅಂತ ಸಡಿಲವಾಯಿತು. ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು. ಆ ಕೆಂಪು ತುದಿ ಇರುವುದು ಡಿಕ್ಕಿ ತೆರೆಯುವುದಕ್ಕೆ ಮಾತ್ರ, ಅದರಿಂದಲೇ ಇಂಜಿನ್ ಸ್ಟಾರ್ಟ್ ಮಾಡಲು ಹೋಗಬೇಡಿ. ಇನ್ನೊಂದು, ಈ ಕಾರಿನ ಬಾಗಿಲಿಗೆ ಗಾಜಿನ ಸುತ್ತ ಚೌಕಟ್ಟಿಲ್ಲ. ಬಾಗಿಲು ತೆರೆಯುವಾಗ ಗಾಜು ತಾನೇ ಸ್ವಲ್ಪ ಕೆಳಗೆ ಇಳಿಯುತ್ತದೆ, ಮುಚ್ಚಿದ ಮೇಲೆ ಮತ್ತೆ ಮೇಲೇರುತ್ತದೆ. ಬ್ಯಾಟರಿ ಸತ್ತಿದ್ದರೆ ಅದು ಇಳಿಯುವುದಿಲ್ಲ. ಬಾಗಿಲು ಜೋರಾಗಿ ಹಾಕಿದರೆ ಗಾಜು ಹೋಗಿ ಅಂಚಿಗೆ ಬಡಿಯುತ್ತದೆ.

ಬ್ಯಾಟರಿ ಚಾರ್ಜ್ ಮಾಡಿ ಮುಗಿಸಬಹುದಿತ್ತು. ಆದರೆ ಇಪ್ಪತ್ತನಾಲ್ಕು ದಿನ ನಿಂತಿದ್ದಕ್ಕೇ ಹೀಗೆ ಯಾಕಾಯಿತು ಅಂತ ನನಗೆ ಗೊತ್ತಾಗಬೇಕಿತ್ತು. ಶಿವಮೊಗ್ಗದಲ್ಲಿ ನನಗೆ ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ಅವರನ್ನು ಮನೆಗೇ ಕರೆಸಿದೆ. ಅವರು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ ನಡುವೆ ಕರೆಂಟ್ ಅಳೆಯುವ ಮಲ್ಟಿಮೀಟರ್ ಸೇರಿಸಿದರು. ಡಿಕ್ಕಿಯ ಚಿಲಕವನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಡಿಕ್ಕಿ ಮುಚ್ಚಿದೆ ಅಂತ ಕಾರಿಗೆ ಅನ್ನಿಸುವ ಹಾಗೆ ಮಾಡಿ ಲಾಕ್ ಹಾಕಿದರು. "ಈಗ ಮುಕ್ಕಾಲು ಗಂಟೆ ಯಾರೂ ಮುಟ್ಟಬೇಡಿ ಸಾರ್, ಬಾಗಿಲು ತೆಗೆದ್ರೆ ಮೀಟರ್ ಫ್ಯೂಸ್ ಹೋಗುತ್ತೆ" ಅಂದರು. ಈಗಿನ ಕಾರುಗಳು ಲಾಕ್ ಮಾಡಿದ ತಕ್ಷಣ ಮಲಗುವುದಿಲ್ಲ. ಒಳಗಿನ ಕಂಪ್ಯೂಟರುಗಳು ಒಂದೊಂದಾಗಿ ನಿದ್ದೆಗೆ ಹೋಗಬೇಕು. ನಾವು ಜಗಲಿಯಲ್ಲಿ ಕಾಫಿ ಕುಡಿದು ಬಂದು ನೋಡಿದಾಗ ಮೀಟರ್ 75 ಮಿಲಿ ಆಂಪಿಯರ್ ತೋರಿಸುತ್ತಿತ್ತು. ಟ್ರ್ಯಾಕರಿನ ಫ್ಯೂಸ್ ಕಿತ್ತು ಮತ್ತೆ ಕಾದೆವು. 28ಕ್ಕೆ ಇಳಿಯಿತು.

ಲೆಕ್ಕ ಸುಲಭ. 75 ಮಿಲಿ ಆಂಪಿಯರ್ ಅಂದರೆ ದಿನಕ್ಕೆ 1.8 ಆಂಪಿಯರ್ ಅವರ್. ಇಪ್ಪತ್ತನಾಲ್ಕು ದಿನಕ್ಕೆ 43. ನನ್ನ ಬ್ಯಾಟರಿ 70ರದ್ದು, ನಿಲ್ಲಿಸುವಾಗ ಅದು ಪೂರ್ತಿ ತುಂಬಿರಲೂ ಇಲ್ಲ. ಇಡೀ ಕಾರು ತೆಗೆದುಕೊಳ್ಳುವುದಕ್ಕಿಂತ ಜಾಸ್ತಿ ಕರೆಂಟನ್ನು ಬೆಂಕಿಪೊಟ್ಟಣದಷ್ಟು ದೊಡ್ಡ ಟ್ರ್ಯಾಕರ್ ಒಂದೇ ಕುಡಿಯುತ್ತಿತ್ತು. ಬ್ಯಾಟರಿ ಇಳಿದ ಮೇಲೆ ಟ್ರ್ಯಾಕರಿನ ಒಳಗಿನ ಪುಟ್ಟ ಬ್ಯಾಟರಿ ಕೆಲವು ಗಂಟೆ ನಡೆಸಿತು, ಆಮೇಲೆ ಅದೂ ಸುಮ್ಮನಾಯಿತು. ಚುಕ್ಕೆ ಮಾತ್ರ ಪರದೆ ಮೇಲೆ ಉಳಿಯಿತು.

ಕಾರು ನಿಂತಾಗ ಟ್ರ್ಯಾಕರೂ ಮಲಗಬೇಕು. ನಮ್ಮದು ಯಾಕೆ ಮಲಗಲಿಲ್ಲ? ಕಾರಣ ನಮ್ಮ ಶೆಡ್ಡಿನ ತಗಡು. ಜಿಪಿಎಸ್ ಆಕಾಶದಲ್ಲಿನ ಉಪಗ್ರಹಗಳ ಸಿಗ್ನಲ್ ಹಿಡಿದು ಜಾಗ ಲೆಕ್ಕ ಹಾಕುತ್ತದೆ. ಮೇಲೆ ತಗಡಿನ ಮಾಡು ಇದ್ದರೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಅದು ಹುಡುಕುತ್ತಲೇ ಇರುತ್ತದೆ. ಅರ್ಧಂಬರ್ಧ ಸಿಕ್ಕರೆ ಕಾರು ಐವತ್ತು ಅರವತ್ತು ಮೀಟರ್ ಆಚೀಚೆ ಜಿಗಿದ ಹಾಗೆ ಕಾಣುತ್ತದೆ. ಆಗ ಕಾರು ಚಲಿಸುತ್ತಿದೆ ಅಂದುಕೊಂಡು ಮತ್ತೆ ಏಳುತ್ತದೆ. ಹಿಂದೆ ರಾತ್ರಿ ಹೊತ್ತು ಒಂದೆರಡು ಸಲ ಸುಳ್ಳು ಅಲಾರಂ ಬಂದಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಕಾರು ಅಲುಗಿದರೆ ಮಾತ್ರ ಏಳುವ ಹಾಗೆ ಸೆಟ್ಟಿಂಗ್ ಬದಲಾಯಿಸಿದೆವು. ಈಗ ಟ್ರ್ಯಾಕರ್ ಮಲಗಿದಾಗ 6 ಮಿಲಿ ಆಂಪಿಯರ್ ತೆಗೆದುಕೊಳ್ಳುತ್ತದೆ. ಶೆಡ್ಡಿನ ಒಂದು ಭಾಗಕ್ಕೆ ತಗಡಿನ ಬದಲು ಫೈಬರ್ ಶೀಟ್ ಹಾಕಿಸಿದೆ. ಮಳೆಗಾಲದಲ್ಲಿ ಬ್ಯಾಟರಿ ಇಳಿಯದಂತೆ ನೋಡಿಕೊಳ್ಳುವ ಮೇಂಟೆನೆನ್ಸ್ ಚಾರ್ಜರ್ ಸದಾ ಸಿಕ್ಕಿಸಿರುತ್ತದೆ. ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಹೋದರೂ ಚಿಂತೆಯಿಲ್ಲ. ಬ್ಯಾಟರಿ 12.2 ವೋಲ್ಟಿಗೆ ಇಳಿದರೆ ಫೋನಿಗೆ ಎಸ್ಸೆಮ್ಮೆಸ್ ಬರುತ್ತದೆ. ಇಷ್ಟರಲ್ಲಿ ಬಹಳ ಮುಖ್ಯವಾದದ್ದು ಈ ಎಸ್ಸೆಮ್ಮೆಸ್ ಅಂತ ನನ್ನ ಅಭಿಪ್ರಾಯ. ಟ್ರ್ಯಾಕರ್ ಸಾಯುವ ಮುಂಚೆ ನಮಗೆ ಗೊತ್ತಾಗಬೇಕು.

ಇನ್ನು ನೆಟ್‌ವರ್ಕ್. ಟ್ರ್ಯಾಕರ್ ನೇರವಾಗಿ ಉಪಗ್ರಹಕ್ಕೆ ಮಾಹಿತಿ ಕಳಿಸುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಉಪಗ್ರಹದಿಂದ ಬರೀ ಕೇಳಿಸಿಕೊಳ್ಳುತ್ತದೆ. ನಮಗೆ ಹೇಳುವುದು ಒಳಗಿರುವ ಸಿಮ್ ಮೂಲಕ, ನಮ್ಮ ಮೊಬೈಲಿನ ಹಾಗೇ. ಟವರ್ ಇಲ್ಲದ ಕಡೆ ಅದರ ಬಾಯಿ ಕಟ್ಟಿಹೋಗುತ್ತದೆ. ಮಲೆನಾಡಿನಲ್ಲಿ ಒಂದೊಂದು ಹಳ್ಳಿಗೆ ಒಂದೊಂದೇ ಕಂಪನಿಯ ಸಿಗ್ನಲ್ ಅನ್ನುವುದು ನಿಮಗೂ ಗೊತ್ತು. ನನ್ನ ಮೊದಲ ಟ್ರ್ಯಾಕರ್ 2ಜಿ ಮಾತ್ರ ಹಿಡಿಯುವಂಥದ್ದು. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ, ಹಾಗಾಗಿ ಅದರ ಟವರ್ ಪಕ್ಕದಲ್ಲೇ ಇದ್ದರೂ ನನಗೆ ಉಪಯೋಗವಿರಲಿಲ್ಲ. ಸಿಮ್ಮಿನ ನಂಬರ್ ನೋಡಿದರೆ 13 ಅಂಕಿ. ಯಂತ್ರಗಳಿಗೆಂದೇ ಕೊಡುವ ಸಿಮ್ ಅದು. ಮಾರಿದವರ ಚಂದಾ ಮುಗಿದರೆ ಅದೂ ಮುಗಿಯಿತು, ನಮ್ಮೂರ ಅಂಗಡಿಯಲ್ಲಿ ರೀಚಾರ್ಜ್ ಆಗುವುದಿಲ್ಲ. ನಾನು ಬೇರೆ ಬೇರೆ ಕಂಪನಿಯ ಫೋನ್ ಹಿಡಿದು ಶೆಡ್ಡಿನೊಳಗೇ ನಿಂತು ಸಿಗ್ನಲ್ ನೋಡಿ, 4ಜಿ ಮತ್ತು 2ಜಿ ಎರಡೂ ಹಿಡಿಯುವ ಹೊಸ ಟ್ರ್ಯಾಕರ್ ತಗೊಂಡೆ. ಸಿಮ್ ನಾನೇ ಆರಿಸಿದೆ.

ಆ್ಯಪಲ್‌ನ ಏರ್‌ಟ್ಯಾಗ್ ಸಾಲದೇ ಅಂತ ಸ್ನೇಹಿತರು ಕೇಳುತ್ತಾರೆ. ಅದನ್ನೂ ಇಟ್ಟು ನೋಡಿದೆ. ಅದರಲ್ಲಿ ಸಿಮ್ ಇಲ್ಲ, ಹತ್ತಿರ ಹಾದುಹೋಗುವ ಐಫೋನುಗಳೇ ಅದರ ಕಣ್ಣು. ಬೆಂಗಳೂರಿನಲ್ಲಿ ನಿಮಿಷ ನಿಮಿಷಕ್ಕೂ ಜಾಗ ಹೇಳಿತು. ತೋಟದ ಮನೆಯಲ್ಲಿ ಒಂದು ಸಲ ಒಂಬತ್ತು ಗಂಟೆ ಸುದ್ದಿಯೇ ಇಲ್ಲ. ಅಲ್ಲದೆ ಕದ್ದವನ ಹತ್ತಿರ ಐಫೋನ್ ಇದ್ದರೆ, ಜೊತೆಯಲ್ಲಿ ಒಂದು ಏರ್‌ಟ್ಯಾಗ್ ಬರುತ್ತಿದೆ ಅಂತ ಅದೇ ಅವನಿಗೆ ಹೇಳಿಬಿಡುತ್ತದೆ. ಎರಡನೇ ಕಾವಲಾಗಿ ಇರಲಿ, ಅದೊಂದನ್ನೇ ನಂಬಬೇಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ ಒಂದು ವಿಷಯ. ಕಾರು ತಂದು ಮೂರು ತಿಂಗಳಾಗಿತ್ತು. ಒಂದು ಸಂಜೆ ಆಗುಂಬೆಯಲ್ಲಿ ಸೂರ್ಯಾಸ್ತ ನೋಡಲು ಮನೆಯವರೆಲ್ಲ ಹೋಗಿದ್ದೆವು. ಹಳೆಯ ಮಾಲೀಕರ ಫೋನ್ ಬಂತು. "ನಿಮ್ಮ ಕಾರು ಆಗುಂಬೆಯಲ್ಲಿ ತುಂಬಾ ಹೊತ್ತಿಂದ ನಿಂತಿದೆ, ಎಲ್ಲಾ ಸರಿ ಇದೆಯಾ?" ಒಳ್ಳೆಯ ಮನುಷ್ಯರು, ಕಾಳಜಿಯಿಂದಲೇ ಕೇಳಿದರು. ಆದರೆ ನನ್ನ ಹೆಂಡತಿಯ ಮುಖ ಸಪ್ಪಗಾಯಿತು. ಮೂರು ತಿಂಗಳು ನಾವು ಹೋದಲ್ಲೆಲ್ಲ ಒಬ್ಬರು ನೋಡುತ್ತಿದ್ದಂತಾಯಿತಲ್ಲ. ಅವರು ಹಾಕಿಸಿದ್ದ ಹಳೆಯ ಟ್ರ್ಯಾಕರ್ ಇನ್ನೂ ಒಳಗೇ ಇತ್ತು, ಖಾತೆ ಅವರ ಹೆಸರಿನಲ್ಲೇ ಇತ್ತು. ಆರ್‌ಸಿ ಹೆಸರು ಬದಲಾಯಿಸುವಾಗಲೇ ಕಾರಿನ ಆ್ಯಪ್, ಟ್ರ್ಯಾಕರ್ ಖಾತೆ, ಎರಡೂ ಕೀ, ಎಲ್ಲವನ್ನೂ ಎದುರಿಗೇ ಕೂತು ಬದಲಾಯಿಸಿಕೊಳ್ಳಿ.

ನನ್ನ ಚಿಕ್ಕಪ್ಪನ ಮಗ ಇಂಗ್ಲೆಂಡಿನಲ್ಲಿದ್ದಾನೆ, ಅವನದ್ದೂ ಪೋರ್ಷೆ. ಅಲ್ಲಿ ದುಬಾರಿ ಕಾರಿಗೆ ವಿಮೆ ಬೇಕಾದರೆ ಎಷ್ಟೋ ಕಂಪನಿಗಳು, ಕಾರುಗಳ ಭದ್ರತೆ ಪರೀಕ್ಷಿಸುವ ಥ್ಯಾಚಮ್ ಸಂಸ್ಥೆ ಒಪ್ಪಿದ ಎಸ್5 ದರ್ಜೆಯ ಟ್ರ್ಯಾಕರ್ ಕೇಳುತ್ತವೆ. ಓಡಿಸುವವರ ಜೇಬಿನಲ್ಲಿ ಕೀ ಜೊತೆಗೆ ಒಂದು ಕಾರ್ಡ್ ಬೇರೆ ಇರಬೇಕು. ಕಾರ್ಡ್ ಇಲ್ಲದೆ ಕಾರು ಹೊರಟರೆ ಇಪ್ಪತ್ತನಾಲ್ಕು ಗಂಟೆ ಕೂತಿರುವ ಕೇಂದ್ರಕ್ಕೆ ಸುದ್ದಿ ಹೋಗುತ್ತದೆ, ಅಲ್ಲಿಂದ ಮಾಲೀಕರಿಗೆ ಫೋನ್ ಬರುತ್ತದೆ. ಕಾರ್ಡನ್ನು ಮನೆಯಲ್ಲೇ ಮರೆತು ಹೊರಟ ದಿನ ಅವನಿಗೂ ಫೋನ್ ಬಂದಿತ್ತಂತೆ. ನಮ್ಮಲ್ಲಿ ನನ್ನ ಟ್ರ್ಯಾಕರಿಗೆ ಹಾಗೆ ಕಾಯುವವರು ಯಾರೂ ಇಲ್ಲ. ಕಾಯುವವನು ನಾನೇ. ಹಾಗಾಗಿ ಅಲಾರಂ ನನ್ನ ಫೋನಿಗೆ ಮಾತ್ರ ಅಲ್ಲ, ಹೆಂಡತಿ ಮತ್ತು ಭಾವನ ಫೋನಿಗೂ ಹೋಗುವಂತೆ ಮಾಡಿದ್ದೇನೆ.

ದೂರದಿಂದಲೇ ಇಂಜಿನ್ ನಿಲ್ಲಿಸುವ ರಿಲೇ ಹಾಕಿಸಿ ಅಂತ ಅಂಗಡಿಯವರು ಒತ್ತಾಯ ಮಾಡುತ್ತಾರೆ. ಓಡುತ್ತಿರುವ ಕಾರಿನ ಇಂಜಿನ್ ನಿಲ್ಲಿಸುವಂಥದ್ದು ನನಗೆ ಬೇಡವೇ ಬೇಡ. ಇಂಜಿನ್ ನಿಂತರೆ ಸ್ಟೇರಿಂಗ್ ಬಿಗಿಯಾಗುತ್ತದೆ, ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕೂ ಗಟ್ಟಿಯಾಗುತ್ತದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಎಲ್ಲೋ ಒಂದರಲ್ಲಿ ಹಾಗಾದರೆ? ಒಳಗೆ ಕೂತವನು ಕಳ್ಳನೇ ಇರಲಿ, ಎದುರಿಂದ ಬಸ್ಸು ಬರುತ್ತಿರುತ್ತದೆ. ನಿಂತ ಕಾರು ಮತ್ತೆ ಸ್ಟಾರ್ಟ್ ಆಗದಂತೆ ತಡೆಯುವುದಷ್ಟೇ ಹಾಕಿಸಿದ್ದೇನೆ.

ವಿಮೆಯಲ್ಲಿ ರಿಯಾಯಿತಿ ಸಿಗುತ್ತದೆ ಅಂತ ಟ್ರ್ಯಾಕರ್ ಹಾಕಿಸಬೇಡಿ. ವಾಹನ ಪರೀಕ್ಷಿಸುವ ಎಆರ್‌ಎಐ ಸಂಸ್ಥೆ ಒಪ್ಪಿದ ಸಾಧನಕ್ಕೆ ಹಳೆಯ ಮೋಟಾರ್ ಟಾರಿಫ್ (ವಿಮೆ ದರಪಟ್ಟಿ) ಪ್ರಕಾರ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ, ಅಂದರೆ ನಮ್ಮದೇ ಕಾರಿನ ಹಾನಿಗೆ ಕಟ್ಟುವ ಹಣದಲ್ಲಿ, ಸಿಗುತ್ತಿದ್ದುದು 2.5%, ಅದೂ ಹೆಚ್ಚೆಂದರೆ 500 ರೂಪಾಯಿ. ಅದಕ್ಕಿಂತ ಎರಡೂ ಕೀ ಜೋಪಾನವಾಗಿಡಿ. ಕಳವಾದರೆ ವಿಮೆಯವರು ಮೊದಲು ಕೇಳುವುದು ಅವನ್ನೇ.

ಜನವರಿಯಲ್ಲಿ ಭಾವನಿಗೆ ಕೀ ಕೊಟ್ಟು, ನೀನೇ ಕದ್ದುಕೊಂಡು ಹೋಗು ಅಂದೆ. "ಯಾವ ಕಡೆ ಹೋಗ್ತೀನಿ ಅಂತ ಹೇಳಲ್ಲ ಮಾರಾಯ, ನೀನೇ ಹುಡುಕು" ಅಂತ ಹೊರಟ. ನಾನು ಜಗಲಿಯಲ್ಲಿ ಫೋನ್ ಹಿಡಿದು ಕೂತೆ, ಹೆಂಡತಿ ಪುಸ್ತಕದಲ್ಲಿ ಹೊತ್ತು ಬರೆಯುತ್ತಾ ಹೋದಳು. ಚುಕ್ಕೆ ತೀರ್ಥಹಳ್ಳಿ ದಾಟಿತು. ಮೇಗರವಳ್ಳಿ, ಗುಡ್ಡೇಕೇರಿ. ಆಗುಂಬೆ ಹತ್ತಿರ ನಿಂತುಬಿಟ್ಟಿತು. ಐದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ. ಅವನು ಆಗುಂಬೆಯಲ್ಲೇ ನಿಂತಿದ್ದಾನೋ, ಘಾಟಿ ಇಳಿದನೋ ತಿಳಿಯುವ ದಾರಿಯೇ ಇರಲಿಲ್ಲ. 38 ನಿಮಿಷ ಆದ ಮೇಲೆ ಅಷ್ಟೂ ಮಾಹಿತಿ ಒಟ್ಟಿಗೇ ಬಂದು ಬಿತ್ತು. ಸಿಗ್ನಲ್ ಇಲ್ಲದಾಗ ಟ್ರ್ಯಾಕರ್ ತನ್ನೊಳಗೇ ಬರೆದಿಟ್ಟುಕೊಂಡಿದ್ದ ದಾರಿ ಅದು. ಘಾಟಿಯ ಒಂದೊಂದು ತಿರುವೂ ಗೆರೆಯಾಗಿ ಪರದೆ ಮೇಲೆ ಮೂಡಿತು. ಭಾವ ಸೋಮೇಶ್ವರದಲ್ಲಿ ಟೀ ಕುಡಿದ 11 ನಿಮಿಷವೂ ಅದರಲ್ಲಿತ್ತು.

ಎಲ್ಲಿ ಸಿಗ್ನಲ್ ಹೋಯಿತು, ಎಲ್ಲಿ ಬಂತು ಅಂತ ಬರೆದ ಆ ಹಾಳೆ ಈಗ ಬೀರುವಿನಲ್ಲಿದೆ. ಜೊತೆಗೆ ಚಾಸಿಸ್ ನಂಬರ್, ಟ್ರ್ಯಾಕರಿನ ಗುರುತಿನ ನಂಬರ್ (ಐಎಂಇಐ), ಪೊಲೀಸ್ ಠಾಣೆಯ ಫೋನ್ ನಂಬರ್. ಮುಂದಿನ ಸುತ್ತು ರೋಹಿಣಿ ಮಳೆಗೆ ಮುಂಚೆ. ಭಾವ ಹುಲಿಕಲ್ ಕಡೆ ಹೋಗುತ್ತಾನೋ ಶೃಂಗೇರಿ ಕಡೆ ಹೋಗುತ್ತಾನೋ, ನಾನು ಕೇಳಿಲ್ಲ.